ಗುಮ್ಮನಿಗೊಂದು ಟರ್ಬೋ

ಮಾರ್ಚ್ ೪, ಸೋಮವಾರ

ಮೇಸ್ತ್ರಿಗೆ,

ನನ್ನ ಕ್ಷೇಮ ನಿನಗೆ, ನಿನ್ನ ಕ್ಷೇಮ ನನಗೆ ಅತ್ತೆಯ ಫೋನಿನ ಮೂಲಕ ತಲುಪುತ್ತಲೇ ಇರುವುದರಿಂದ ಆ ಸಾಲುಗಳನ್ನು ಬಿಟ್ಟು ನೇರ ವಿಷಯಕ್ಕೆ ಬರುತ್ತೇನೆ. ನಮ್ಮ ರೇಸ್ ಕಾರು ಗುಮ್ಮನ ಟರ್ಬೋ ಹೋಯಿತು.

ಫೋನ್ ಮಾಡಬಹುದಿತ್ತು. ಆದರೆ ನಾವಿಬ್ಬರೂ ಫೋನಿನಲ್ಲಿ ಮಾತಾಡಿದರೆ ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂದು ಹೋದ ವರ್ಷ ನೋಡಿಯಾಗಿದೆ. ಕಾಗದವಾದರೆ ಬಾಯಿಗೆ ಬಂದದ್ದನ್ನೆಲ್ಲ ಬರೆದು, ಹರಿದು ಬಿಸಾಡಿ, ಮತ್ತೆ ಸಭ್ಯವಾಗಿ ಬರೆಯಬಹುದು. ಇದು ಹಾಗೆ ಮತ್ತೆ ಬರೆದದ್ದು.

ಶನಿವಾರ ಬೆಟ್ಟದ ರಸ್ತೆಯಲ್ಲಿ ಅಭ್ಯಾಸ ಮುಗಿಸಿ ಇಳಿಯುತ್ತಿದ್ದೆ. ಕನ್ನಡಿಯ ತುಂಬ ನೀಲಿ ಹೊಗೆ. ಮನೆಗೆ ಬಂದು ಪೈಪು ಬಿಚ್ಚಿ, ಬೆರಳು ಹಾಕಿ ಅಲುಗಾಡಿಸಿದರೆ ಶಾಫ್ಟು ಹಾಲುಹಲ್ಲಿನ ಹಾಗೆ ಆಡುತ್ತಿದೆ. ಟರ್ಬೋದ ರೆಕ್ಕೆಗಳ ತುದಿಗಳು ಒಳಗೋಡೆಗೆ ಉಜ್ಜಿ ಸವೆದಿವೆ. ರಿಪೇರಿಯ ಮಾತೇ ಇಲ್ಲ, ಬೇರೆಯದೇ ಹಾಕಬೇಕು. ಏಪ್ರಿಲ್ ಕೊನೆಯ ಭಾನುವಾರ ಬೆಟ್ಟದ ರೇಸು. ಹೆಸರು ಕೊಟ್ಟಾಗಿದೆ.

ಇಲ್ಲಿ ನಮ್ಮ ಬೀದಿಯ ಕೊನೆಗೆ ಒಂದು ಗ್ಯಾರೇಜಿದೆ. ಮಾಲೀಕನ ಗಡ್ಡ ಎದೆಯವರೆಗೆ ಇರುವುದರಿಂದ ಎಲ್ಲರೂ ಗಡ್ಡಪ್ಪ ಎನ್ನುತ್ತಾರೆ, ಅವನಿಗೂ ಬೇಸರವಿಲ್ಲ. ಅವನ ಹತ್ತಿರ ಒಂದು ದೊಡ್ಡ ಟರ್ಬೋ ಇದೆ. ರೇಸು ಮುಗಿಯುವವರೆಗೆ ಇಟ್ಟುಕೊಳ್ಳಿ, ಕಾರಿನ ಬಾಗಿಲ ಮೇಲೆ ನನ್ನ ಗ್ಯಾರೇಜಿನ ಹೆಸರು ಬರೆಸಿದರೆ ಸಾಕು ಎಂದ. ಗುಮ್ಮನಿಗೆ ಅಷ್ಟು ದೊಡ್ಡದು ಬೇಕಾ ಎಂದು ಕೇಳಿದೆ. "ಆರು ಸಿಲಿಂಡರ್ ಗಾಡಿ ಮೇಡಂ ಇದು. ಇದಕ್ಕೆ ಚಿಕ್ಕ ಟರ್ಬೋ ಹಾಕೋದು ಅಂದ್ರೆ ಪೈಲ್ವಾನನಿಗೆ ಮಗು ಚಡ್ಡಿ ತೊಡಿಸಿದ ಹಾಗೆ" ಅಂದ.

ನನಗೂ ಆ ಟರ್ಬೋ ಮೇಲೆ ಆಸೆ ಇದೆ, ಸುಳ್ಳು ಹೇಳುವುದಿಲ್ಲ. ಆದರೆ ಗುಮ್ಮನ ಹೊಟ್ಟೆಯೊಳಗೆ ಏನೇನಿದೆ, ಎಷ್ಟು ತಡೆಯುತ್ತದೆ ಎಂದು ಪೂರ್ತಿ ಬಲ್ಲವನು ನೀನೊಬ್ಬನೇ. ಪ್ರತಿ ಪಿಸ್ಟನ್ನನ್ನೂ ನೀನೇ ಕೂರಿಸಿದ್ದು. ಆದ್ದರಿಂದ ಹೆಂಡತಿಯಾಗಿ ಅಲ್ಲ, ಗಿರಾಕಿಯಾಗಿ ಕೇಳುತ್ತಿದ್ದೇನೆ. ಈ ಎಂಜಿನ್ನು, ಆ ರಸ್ತೆ. ಯಾವ ಟರ್ಬೋ?

ಕೈ ಪೂರ್ತಿ ವಾಸಿಯಾಗಿದೆ. ಆ ಸುದ್ದಿ ಎತ್ತಬೇಡ.

ಇಂತಿ,
ಸಾರಥಿ


ಮಾರ್ಚ್ ೧೧

ಸಾರಥಿಗೆ,

ಪತ್ರ ಬಂದಾಗ ನಾನೊಂದು ಲಾರಿಯ ಕೆಳಗೆ ಮಲಗಿದ್ದೆ. ಈಚೆ ಬರುವಷ್ಟರಲ್ಲಿ ಅಮ್ಮ ಒಡೆದು ಓದಿ ಮುಗಿಸಿದ್ದಳು. "ಒಂದು ಗಾಡಿಗೆ ಅದೆಷ್ಟು ಸಲ ಟರ್ಬೋ ಆರಿಸ್ತೀರೋ! ಸೊಸೆ ಆರಿಸೋಕೆ ನಾನು ಇಷ್ಟು ಯೋಚ್ನೆ ಮಾಡ್ಲಿಲ್ಲ" ಅಂದಳು. ಪತ್ರವನ್ನು ನನ್ನ ಕೈಗಿಟ್ಟು, "ಅವಳಾದ್ರೂ ಮಾಡ್ಬೇಕಿತ್ತು. ಇನ್ನೂ ಒಳ್ಳೆ ಗಂಡ ಸಿಗ್ತಿದ್ದ" ಎಂದು ಸೇರಿಸಿದಳು. ಗುಮ್ಮ ಎಂದು ಹೆಸರಿಟ್ಟವಳೂ ಅವಳೇ ಅಲ್ಲವೇ. ಅದು ಗೇಟಿನೊಳಗೆ ಬಂದರೆ ಬೀದಿಯ ಮಕ್ಕಳೆಲ್ಲ ಅಳುತ್ತಿದ್ದವು. ಈಗ ಬೀದಿ ಶಾಂತವಾಗಿದೆ ಎಂದು ಅವಳೇ ಬೇಜಾರು ಮಾಡಿಕೊಳ್ಳುತ್ತಾಳೆ.

ಗಡ್ಡಪ್ಪನ ಟರ್ಬೋ ಕೆಟ್ಟದ್ದಲ್ಲ. ಉದ್ದನೆಯ ನೇರ ರಸ್ತೆಯಲ್ಲಿ ಅದನ್ನು ಹಿಡಿಯುವವರಿಲ್ಲ. ಆದರೆ ಬೆಟ್ಟದ ಕೆಳಭಾಗ ಪೂರ್ತಿ ಬಿಗಿ ತಿರುವು. ತಿರುವಿನಿಂದ ಹೊರಬರುವಾಗ ನೀನು ಪೆಡಲ್ ಒತ್ತುತ್ತೀಯ. ಎಂಜಿನ್ನಿನ ಹೊಗೆ ಹೋಗಿ ಟರ್ಬೋದೊಳಗಿನ ಅಷ್ಟು ಭಾರದ ಚಕ್ರವನ್ನು ತಿರುಗಿಸಬೇಕು, ಅದು ವೇಗ ಹಿಡಿಯಬೇಕು, ಆಮೇಲೆ ತಾನೇ ಅದು ಎಂಜಿನ್ನಿಗೆ ಗಾಳಿ ತುಂಬುವುದು. ಅಲ್ಲಿಯವರೆಗೆ ಗಾಡಿ ಮಲಗಿರುತ್ತದೆ. ಇನ್ನೂ ಬರಲಿಲ್ಲವಲ್ಲ ಎಂದು ನೀನು ಮತ್ತಷ್ಟು ಒತ್ತುತ್ತೀಯ. ಆಗ ಎಲ್ಲ ಬಲವೂ ಒಮ್ಮೆಲೇ ಬಂದು ಹಿಂದಿನ ಚಕ್ರಗಳ ಮೇಲೆ ಬೀಳುತ್ತದೆ. ನಿನ್ನ ಸ್ಟೀರಿಂಗ್ ಆಗಿನ್ನೂ ನೇರವಾಗಿರುವುದಿಲ್ಲ.

ಹಾಗೆ ಜಾರಿದ ಗಾಡಿಯನ್ನು ಹಿಡಿಯಲು ಎರಡು ಗಟ್ಟಿ ಕೈ ಬೇಕು. ಸುದ್ದಿ ಎತ್ತಬೇಡ ಎಂದಿದ್ದೀಯ. ಆದರೆ ನೀನು ಎಡಗೈಯಲ್ಲಿ ಬರೆಯುವವಳು. ಪತ್ರದ ಮೊದಲ ಸಾಲುಗಳು ದುಂಡಗಿವೆ. ಪುಟ ತಿರುಗಿಸುವ ಹೊತ್ತಿಗೆ ಅಕ್ಷರಗಳು ಸಾಲು ಬಿಟ್ಟು ಇಳಿಯುತ್ತಿವೆ. ಕೈ ವಾಸಿಯಾಗಿದೆ ಎಂಬ ವಾಕ್ಯವನ್ನಂತೂ ನಾನೂ ಅಮ್ಮನೂ ಸೇರಿ ಬಿಡಿಸಿ ಓದಬೇಕಾಯಿತು.

ಹೋದ ವರ್ಷ ಬಂಡೆಗೆ ಗುದ್ದಿ ಆ ಮಣಿಕಟ್ಟು ಮುರಿದಾಗ, ಕಾರು ಬೇಕೋ ನಾನು ಬೇಕೋ ತೀರ್ಮಾನಿಸು ಎಂದು ಆಸ್ಪತ್ರೆಯಲ್ಲಿ ಅಂದೆ. ಪ್ಲಾಸ್ಟರ್ ಬಿಚ್ಚಿಸಿದ ವಾರವೇ ನೀನು ಗುಮ್ಮನನ್ನು ಕರೆದುಕೊಂಡು ಹೊರಟೆ. ಆ ಮಾತನ್ನು ಮತ್ತೆ ಕೆದಕುವುದಿಲ್ಲ. ಗಿರಾಕಿಗೆ ಹೇಳುವಂತೆಯೇ ಹೇಳುತ್ತೇನೆ. ನಿನಗೆ ಬೇಕಾದದ್ದು ಚಿಕ್ಕ ಟರ್ಬೋ. ಒತ್ತಿದ ತಕ್ಷಣ ಎದ್ದೇಳುತ್ತದೆ, ಗಾಬರಿ ಮಾಡುವುದಿಲ್ಲ. ಅದನ್ನು ಪಾರ್ಸೆಲ್ ಮಾಡಿದ್ದೇನೆ. ಎಲ್ಲ ಲೆಕ್ಕ ಹಾಕಿಯೇ ಆರಿಸಿದ್ದು. ನಂಬಿ ಹಾಕಿಸು.

ಇಂತಿ,
ಮೇಸ್ತ್ರಿ


ಮಾರ್ಚ್ ೩೦

ಮೇಸ್ತ್ರಿ,

ಕೇಳಿದ್ದಕ್ಕೆ ಉತ್ತರ ಕೊಡುವುದು ನಿನ್ನ ಜಾಯಮಾನದಲ್ಲೇ ಇಲ್ಲ. ಎಂಜಿನ್ನು, ರಸ್ತೆ ಎರಡನ್ನೇ ಕೇಳಿದ್ದೆ. ನೀನು ನನ್ನ ಅಕ್ಷರ ತಿದ್ದಲು ಕೂತೆ. ಆ ಸಿಟ್ಟಿಗೆ ಪಾರ್ಸೆಲನ್ನು ಒಡೆಯದೆ ಅಟ್ಟಕ್ಕೆ ಎಸೆದು, ಗಡ್ಡಪ್ಪನದ್ದನ್ನೇ ಹಾಕಿಸಿದೆ. ಮುಂದೆ ಆದದ್ದನ್ನು ಆದ ಹಾಗೆಯೇ ಬರೆಯುತ್ತೇನೆ. ಅತ್ತೆಗೆ ಓದಲು ಕೊಡಬೇಡ.

ಹದಿನಾರಕ್ಕೆ ಅಭ್ಯಾಸವಿತ್ತು. ಮೊದಲ ಸಲ ಹತ್ತುವಾಗ ಹೆದರಿಕೊಂಡೇ ಹತ್ತಿದೆ, ಏನೂ ಆಗಲಿಲ್ಲ. ಮೇಲಿನ ಉದ್ದ ಹಾದಿಯಲ್ಲಿ ಗುಮ್ಮ ನನ್ನನ್ನು ಸೀಟಿಗೆ ಒತ್ತಿ ಹಿಡಿದ ರೀತಿಗೆ ಒಳಗೇ ಕೂಗಿಬಿಟ್ಟೆ. ಎರಡನೇ ಸಲ ಧೈರ್ಯ ಬಂದಿತ್ತು. ಕೆಳಗಿನ ಮೂರನೇ ತಿರುವು ನಿನಗೆ ಗೊತ್ತಲ್ಲ, ಒಳಬದಿಗೆ ಮೋಟುಗೋಡೆ, ಅದರ ಮುಂದೆ ಬಾವುಟ ಹಿಡಿದು ಒಬ್ಬ ತಾತ ಕುರ್ಚಿ ಹಾಕಿಕೊಂಡು ಕೂತಿರುತ್ತಾನೆ. ಅಲ್ಲಿ ಪೆಡಲ್ ಒತ್ತಿದೆ. ಏನೂ ಬರಲಿಲ್ಲ. ಇನ್ನಷ್ಟು ಒತ್ತಿದೆ. ನೀನು ಬರೆದದ್ದು ಅಕ್ಷರ ಅಕ್ಷರವಾಗಿ ನಡೆಯಿತು. ಬಲ ಬಂದು ಅಪ್ಪಳಿಸಿತು, ಹಿಂಬದಿ ಜಾರಿತು, ನಾನು ಸ್ಟೀರಿಂಗನ್ನು ಎದುರು ದಿಕ್ಕಿಗೆ ತಿರುಗಿಸಿದೆ. ಅಂದರೆ, ತಿರುಗಿಸಿದೆ ಎಂದುಕೊಂಡೆ. ಗುಮ್ಮ ಹಿಂದುಮುಂದಾಗಿ ಹೋಗಿ ಮೋಟುಗೋಡೆಗೆ ತಾಗಿ ನಿಂತಿತು.

ತಾತ ಕಾಣಲಿಲ್ಲ. ಕನ್ನಡಿಯಲ್ಲಿ ಕಾಣುತ್ತಿದ್ದದ್ದು ಕುರ್ಚಿಯ ಒಂದು ಕಾಲು ಮಾತ್ರ, ಅದೂ ನನ್ನ ಬಂಪರಿನ ಕೆಳಗಿನಿಂದ. ಬಾಗಿಲು ತೆಗೆಯಬೇಕು, ಇಳಿಯಬೇಕು, ನೋಡಬೇಕು. ನನ್ನಿಂದ ಆಗಲಿಲ್ಲ. ನೋಡದಿದ್ದರೆ ಏನೂ ಆಗಿರುವುದಿಲ್ಲ ಎಂಬಂತೆ ಮುಂದೆ ನೋಡುತ್ತ ಕೂತೆ. ಆಮೇಲೆ ಯಾರೋ ಗಾಜು ಬಡಿದರು. ತಾತನೇ. ಗೋಡೆ ಹಾರಿ ಆ ಕಡೆ ಬಿದ್ದಿದ್ದನಂತೆ, ಮೈಯೆಲ್ಲ ಮಣ್ಣು. "ನಂಗೇನಾಗಿಲ್ಲ ಕಣಮ್ಮಾ. ನೀನು ಮೊದ್ಲು ಉಸಿರು ಬಿಡು" ಅಂದ. ಸ್ಟೀರಿಂಗ್ ಮೇಲಿದ್ದದ್ದು ನನ್ನ ಬಲಗೈ ಒಂದೇ. ಎಡಗೈ ಯಾವಾಗ ಜಾರಿ ತೊಡೆಯ ಮೇಲೆ ಬಿದ್ದಿತ್ತೋ ನನಗೆ ಗೊತ್ತೇ ಇಲ್ಲ.

ಆದ್ದರಿಂದ ನೀನು ಹೇಳಿದ್ದನ್ನು ಒಪ್ಪಿದೆ. ಅಟ್ಟದಿಂದ ಪಾರ್ಸೆಲ್ ಇಳಿಸಿದೆ. ಗಡ್ಡಪ್ಪ ಗೊಣಗುತ್ತಲೇ ಅದನ್ನು ಕೂರಿಸಿ, ಇಂಧನದ ಲೆಕ್ಕ ಹೊಂದಿಸಿಕೊಟ್ಟ. ಇವತ್ತು ಹತ್ತಿದೆ. ಕೆಳಗಿನ ತಿರುವುಗಳಲ್ಲಿ ಎಷ್ಟು ಚೆನ್ನಾಗಿತ್ತೆಂದರೆ, ನಿನ್ನ ಮೇಲಿನ ಸಿಟ್ಟೆಲ್ಲ ಇಳಿದು, ಸಂಜೆ ಒಂದು ಒಳ್ಳೆಯ ಪತ್ರ ಬರೆಯಬೇಕು ಎಂದು ಮನಸ್ಸಿನಲ್ಲೇ ಶುರುಮಾಡಿದ್ದೆ. ಅಷ್ಟರಲ್ಲಿ ಮೇಲಿನ ಹಾದಿ ಬಂತು. ಎಡಕ್ಕೆ ಕಣಿವೆ. ಗುಮ್ಮನಿಗೆ ಉಸಿರುಕಟ್ಟಿತು. ಯಾರೋ ಬಾಯಿಗೆ ಬಟ್ಟೆ ತುರುಕಿದ ಹಾಗೆ. ಬಿಸಿಯ ಮುಳ್ಳು ಏರತೊಡಗಿತು, ಎಂಜಿನ್ನಿನ ಒಳಗಿನಿಂದ ಟಿಕ್ ಟಿಕ್ ಎಂದು ಗಾಜಿನ ಮೇಲೆ ಮೊಳೆ ಬಡಿದ ಸದ್ದು. ಕಾಲು ತೆಗೆದುಬಿಟ್ಟೆ. ನಡೆದು ಹೋಗುವವರ ವೇಗದಲ್ಲಿ ಮೇಲೆ ತಲುಪಿದೆ.

ಇದು ಈ ಎಂಜಿನ್ನಿಗೆ ಸಾಲುವುದಿಲ್ಲ ಎಂದು ಗಡ್ಡಪ್ಪನಿಗೇ ನೋಡಿದ ತಕ್ಷಣ ಗೊತ್ತಾಗಿತ್ತು. ಅದನ್ನೇ ಅವನು ಗೊಣಗಿದ್ದು, ನಾನೇ ಕೇಳಿಸಿಕೊಳ್ಳಲಿಲ್ಲ. ಅವನಿಗೆ ಗೊತ್ತಾದದ್ದು ನಿನಗೆ ಗೊತ್ತಾಗದೇ ಇರುತ್ತದೆಯೇ? ನೀನು ಗುಮ್ಮನಿಗೆ ಟರ್ಬೋ ಆರಿಸಲಿಲ್ಲ. ನನ್ನ ಕಾಲಿಗೆ ಕಟ್ಟಲು ಹಗ್ಗ ಆರಿಸಿದೆ. ಗೊತ್ತಿದ್ದೇ ಕಳಿಸಿದೆಯಾ? ಹೌದು ಅಥವಾ ಇಲ್ಲ ಎಂದಷ್ಟೇ ಬರೆ. ಉಳಿದ ಪುರಾಣ ಬೇಡ.

ಸಾರಥಿ


ಏಪ್ರಿಲ್ ೪

ಸಾರಥಿಗೆ,

ಹೌದು.

ಇಷ್ಟೇ ಬರೆಯಬೇಕೆಂದಿದ್ದೀಯ. ಆದರೆ ಇನ್ನು ಸ್ವಲ್ಪ ಬರೆಯದಿದ್ದರೆ ನೀನು ಮತ್ತೆ ಆ ಟರ್ಬೋ ಹಾಕಿಕೊಂಡು ಹತ್ತಿಬಿಡುತ್ತೀಯೋ ಎಂದು ಭಯವಾಗುತ್ತಿದೆ. ದಯವಿಟ್ಟು ಹತ್ತಬೇಡ. ಇವತ್ತೇ ಬಿಚ್ಚಿಸು.

ಲೆಕ್ಕ ಹಾಕಿದ್ದು ನಿಜ. ಲೆಕ್ಕ ಬೇರೆಯದನ್ನೇ ಹೇಳಿತ್ತು. ಸರಿಯಾದ ಅಳತೆಯ ಟರ್ಬೋ ನನ್ನ ಬೆಂಚಿನ ಮೇಲೆಯೇ ಇತ್ತು. ಅದನ್ನು ಒರೆಸಿ ಪೆಟ್ಟಿಗೆಯಲ್ಲಿಟ್ಟು, ಮತ್ತೆ ತೆಗೆದು, ಪಕ್ಕದ ಚಿಕ್ಕದನ್ನು ಇಟ್ಟೆ. ನಿಧಾನವಾಗಿ ಹತ್ತುತ್ತಾಳೆ, ಕೊನೆಯ ಸ್ಥಾನ ಬರುತ್ತದೆ, ಬೇಜಾರಾಗಿ ಬಿಟ್ಟುಬಿಡುತ್ತಾಳೆ, ಅದರಿಂದೇನು, ಮೈ ನೆಟ್ಟಗಿರುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಇಪ್ಪತ್ತು ವರ್ಷದಿಂದ ಎಂಜಿನ್ನು ಬಿಚ್ಚುತ್ತಿರುವವನಿಗೆ, ಉಸಿರುಕಟ್ಟಿದ ಎಂಜಿನ್ನು ಏನು ಮಾಡುತ್ತದೆಂದು ಹೊಳೆಯಬೇಕಿತ್ತು. ಟಿಕ್ ಟಿಕ್ ಎಂದು ನೀನು ಬರೆದದ್ದನ್ನು ಓದಿದ ಮೇಲೆಯೇ ಹೊಳೆಯಿತು. ನೀನು ಕಾಲು ತೆಗೆಯದೇ ಹೋಗಿದ್ದರೆ ಪಿಸ್ಟನ್ ಒಡೆಯುತ್ತಿತ್ತು, ಎಣ್ಣೆ ನಿನ್ನ ಹಿಂದಿನ ಟೈರುಗಳ ಮೇಲೇ ಚೆಲ್ಲುತ್ತಿತ್ತು, ಕಣಿವೆಯ ಪಕ್ಕದಲ್ಲಿ. ನಿನ್ನನ್ನು ಉಳಿಸಲು ಹೋಗಿ ನಾನು ಕಳಿಸಿದ್ದು ಅದನ್ನು.

ಅಮ್ಮನಿಗೆ ಪತ್ರ ಕೊಡಬೇಡ ಎಂದು ನೀನು ಬರೆದಿದ್ದೆ. ನಾನೇ ಓದಿ ಹೇಳಿದೆ. "ಗಿರಾಕಿಗೆ ಹೀಗೆ ಮಾಡಿದ್ರೆ ಬಂದು ಕಪಾಳಕ್ಕೆ ಬಿಗೀತಿದ್ರು. ಹೆಂಡ್ತಿ ಅಂತ ಮಾಡಿದೀಯ" ಅಂದಳು. ಅಷ್ಟು ಹೇಳಿ ಒಳಗೆ ಹೋದವಳು ಎರಡು ದಿನದಿಂದ ನನ್ನ ಜೊತೆ ಮಾತಾಡಿಲ್ಲ. ಊಟ ಮೇಜಿನ ಮೇಲಿಟ್ಟು ತಟ್ಟೆಯನ್ನು ಜೋರಾಗಿ ಕುಟ್ಟುತ್ತಾಳೆ, ಕರೆಯುವುದಿಲ್ಲ.

ಈಗ ಪೂರ್ತಿ ಸರಿಯಾದ ಉತ್ತರ, ಬೆಂಚಿನ ಮೇಲಿದ್ದದ್ದಕ್ಕಿಂತಲೂ ಒಳ್ಳೆಯದು. ಬೇಕಾದದ್ದು ಮಧ್ಯಮ ಅಳತೆಯ ಟರ್ಬೋ, ಆದರೆ ಹೊಗೆ ಒಳಬರುವ ಬಾಯಿ ಎರಡು ಭಾಗವಾಗಿರುವಂಥದ್ದು. ಗುಮ್ಮನ ಮುಂದಿನ ಮೂರು ಸಿಲಿಂಡರಿನ ಹೊಗೆ ಒಂದು ಬಾಯಿಗೆ, ಹಿಂದಿನ ಮೂರರದ್ದು ಇನ್ನೊಂದಕ್ಕೆ. ಈಗ ಆರೂ ಒಂದೇ ಬಾಗಿಲಲ್ಲಿ ನುಗ್ಗಿ ಒಂದನ್ನೊಂದು ತಳ್ಳಾಡುತ್ತವೆ. ಬೇರೆ ಮಾಡಿದರೆ ಒಂದರ ರಭಸ ಇನ್ನೊಂದಕ್ಕೆ ಅಡ್ಡ ಬರುವುದಿಲ್ಲ. ಕೆಳಗೆ ಬೇಗ ಎದ್ದೇಳುತ್ತದೆ, ಮೇಲೆ ಉಸಿರೂ ಕಟ್ಟುವುದಿಲ್ಲ. ಆದರೆ ಅದಕ್ಕೆ ಸಿಲಿಂಡರುಗಳ ಹೊಗೆಯನ್ನು ಟರ್ಬೋಗೆ ಒಯ್ಯುವ ಹೊಸ ಮ್ಯಾನಿಫೋಲ್ಡ್ ಬೇಕು. ಆರು ಪೈಪುಗಳನ್ನು ಎಂಜಿನ್ನಿನ ಎದುರೇ ಅಳೆದು, ಕತ್ತರಿಸಿ, ವೆಲ್ಡ್ ಮಾಡಬೇಕು. ಪಾರ್ಸೆಲ್‌ನಲ್ಲಿ ಕಳಿಸುವ ಕೆಲಸವಲ್ಲ.

ಗುಮ್ಮನನ್ನು ಟ್ರಕ್ಕಿನಲ್ಲಿ ಕಳಿಸಿಕೊಡು. ನನ್ನ ಕೈಗೆ ಒಪ್ಪಿಸಲು ಮನಸ್ಸಿಲ್ಲದಿದ್ದರೆ ನೀನೂ ಬಂದು ಪಕ್ಕದಲ್ಲೇ ನಿಂತು ಪ್ರತಿ ಬೋಲ್ಟನ್ನೂ ನೋಡಿಕೋ. ಈ ಸಲ ಎಂಜಿನ್ನಿಗೆ, ರಸ್ತೆಗೆ ಯಾವುದು ಸರಿಯೋ ಅದನ್ನೇ ಕೊಡುತ್ತೇನೆ. ಓಡಿಸುವುದೋ ಬಿಡುವುದೋ ನಿನಗೆ ಸೇರಿದ್ದು.

ಮೇಸ್ತ್ರಿ


ಏಪ್ರಿಲ್ ೨೮, ಭಾನುವಾರ ಸಂಜೆ

ಮೇಸ್ತ್ರಿಗೆ,

ನಿನ್ನ ಶೆಡ್ಡಿನಲ್ಲಿ ಒಂದು ವಾರ ಇದ್ದೆ. ಟಾರ್ಚು ಹಿಡಿದೆ, ಪೈಪು ಹಿಡಿದೆ, ಅತ್ತೆಯ ಬೈಗುಳವನ್ನು ಇಬ್ಬರೂ ಸಮಪಾಲು ಮಾಡಿಕೊಂಡು ತಿಂದೆವು. ಟರ್ಬೋ ಒಂದನ್ನು ಬಿಟ್ಟು ಬೇರೆ ಒಂದು ಮಾತೂ ಆಡಲಿಲ್ಲ. ಹೊರಡುವಾಗ, ರೇಸಿನ ದಿನ ಬರುತ್ತೀಯಾ ಎಂದು ಕೇಳಬೇಕೆಂದಿದ್ದೆ. ನೀನು ಕೈ ಒರೆಸಿಕೊಳ್ಳುತ್ತಲೇ, ಬಂದರೂ ಕಣ್ಣು ಮುಚ್ಚಿಕೊಂಡೇ ನಿಂತಿರಬೇಕಾಗುತ್ತದೆ ಎಂದೆ. ಆದ್ದರಿಂದ ಇವತ್ತಿನದನ್ನು ಬರೆದೇ ತಿಳಿಸಬೇಕಾಗಿದೆ.

ಮೊದಲು ಗುಮ್ಮನ ವಿಷಯ. ಅಂಥ ಗಾಡಿಯನ್ನು ನಾನು ಜೀವಮಾನದಲ್ಲಿ ಓಡಿಸಿಲ್ಲ. ಒತ್ತಿದಷ್ಟು ಬಂತು, ಸಾಕು ಎಂದಾಗ ನಿಂತಿತು. ಮೂರನೇ ತಿರುವನ್ನು ದಾಟಿದ್ದು ನನಗೇ ತಿಳಿಯಲಿಲ್ಲ. ಮೇಲಿನ ಹಾದಿಯಲ್ಲಿ ಉಸಿರು ಸಲೀಸಾಗಿತ್ತು, ಬಿಸಿಯ ಮುಳ್ಳು ಕದಲಲಿಲ್ಲ. ನಿನ್ನ ಕೆಲಸಕ್ಕೆ ಹೆಸರಿಡಲು ಇವತ್ತು ನನಗೆ ಏನೂ ಸಿಗಲಿಲ್ಲ, ಅದೇ ದೊಡ್ಡ ತೊಂದರೆಯಾಯಿತು.

ಏಕೆಂದರೆ ಕಣಿವೆಯ ಮೇಲಿನ ಉದ್ದ ತಿರುವಿನ ನಡುವೆ ನನ್ನ ಎಡಗೈ ಮರಗಟ್ಟಿತು. ಗಾಡಿ ಜಾರಿರಲಿಲ್ಲ, ಯಾವ ಬಲವೂ ಬಂದು ಅಪ್ಪಳಿಸಿರಲಿಲ್ಲ. ಸುಮ್ಮನೆ ಹಿಡಿದುಕೊಂಡಿದ್ದ ಕೈ, ಹಿಡಿಯುವುದನ್ನು ಬಿಟ್ಟುಬಿಟ್ಟಿತು. ಬಲಗೈಯನ್ನೂ ಮೊಣಕಾಲನ್ನೂ ಕೊಟ್ಟು ಸ್ಟೀರಿಂಗ್ ಹಿಡಿದು ಹೇಗೋ ಮೇಲೆ ಮುಟ್ಟಿಸಿದೆ. ಹೊರಗಿನವರಿಗೆ ಏನೂ ಗೊತ್ತಾಗಲಿಲ್ಲ. ಮೊದಲ ಸುತ್ತಿನಲ್ಲಿ ನನ್ನದು ಎರಡನೇ ಸ್ಥಾನ. ಗಡ್ಡಪ್ಪ ಓಡಿಬಂದು, "ಗಾಳಿಯ ಬೂಸ್ಟ್ ಒಂಚೂರು ಏರಿಸಿಬಿಡೋಣ ಮೇಡಂ, ಮಧ್ಯಾಹ್ನದ ಸುತ್ತಲ್ಲಿ ಮೊದಲ್ನೇದು ನಿಮ್ದೇ!" ಎಂದು ಕುಣಿದ. ಯಾರದೋ ಟರ್ಬೋ ಗೆಲ್ಲುವುದಕ್ಕೂ ಅಷ್ಟು ಖುಷಿ ಪಡುವ ಮನುಷ್ಯ.

ಊಟದ ವಿರಾಮದಲ್ಲಿ ಒಬ್ಬಳೇ ರಸ್ತೆ ನೋಡುತ್ತ ಮೂರನೇ ತಿರುವಿನವರೆಗೆ ನಡೆದೆ. ತಾತ ಅಲ್ಲೇ ಇದ್ದ. "ಈ ಸಲ ಕಬ್ಬಿಣದ ಕುರ್ಚಿ ಕೊಟ್ಟಿದಾರೆ ನೋಡಮ್ಮ, ನಿನ್ನ ಗಾಡಿಗೆ ಹೆದ್ರಿ" ಎಂದು ನಕ್ಕ. ಆಮೇಲೆ, "ಕೈ ಹೇಗಿದೆ ಈಗ?" ಅಂದ. ಅವತ್ತು ಗಾಜಿನಾಚೆಯಿಂದ ಅವನು ನೋಡಿದ್ದನೆಂದು ನನಗೆ ಗೊತ್ತಿರಲಿಲ್ಲ. ವಾಸಿಯಾಗಿದೆ ಎಂಬುದು ನಾಲಿಗೆಯ ತುದಿಗೆ ಬಂದಿತ್ತು. ವರ್ಷವಿಡೀ ಹೇಳಿ ಹೇಳಿ ಅಭ್ಯಾಸವಾದ ಮಾತು. "ಸರಿ ಇಲ್ಲ ತಾತ" ಅಂದೆ. "ಹೌದಾ? ಹಾಗಾದ್ರೆ ಕೂತ್ಕೋ" ಎಂದು ಎದ್ದು ಕುರ್ಚಿ ಬಿಟ್ಟುಕೊಟ್ಟ.

ಅಲ್ಲಿ ಕೂತಾಗ ಎಲ್ಲ ಸ್ಪಷ್ಟವಾಯಿತು. ದೊಡ್ಡ ಟರ್ಬೋ ಇದ್ದಾಗ ತಪ್ಪು ಅದರದ್ದು. ಚಿಕ್ಕದು ಇದ್ದಾಗ ತಪ್ಪು ನಿನ್ನದು. ಈಗ ಎಲ್ಲ ಸರಿಯಾಗಿ ಕೂಡಿಬಂದಿದೆ, ಬೊಟ್ಟು ಮಾಡಿ ತೋರಿಸಲು ನನ್ನ ಕೈಯೊಂದನ್ನು ಬಿಟ್ಟು ಬೇರೇನೂ ಉಳಿದಿಲ್ಲ. ಎರಡನೇ ಸುತ್ತಿನಲ್ಲಿ ಮೇಲಿನ ಆ ತಿರುವಿನಲ್ಲಿ ಕೈ ಬಿಟ್ಟರೆ ನಾನು ಕಣಿವೆಗೆ. ಕೆಳಗೆ ಬಿಟ್ಟರೆ ಈ ತಾತನಿಗೆ ಗೋಡೆ ಹಾರಲು ಇನ್ನೊಂದು ಸಲ ಸಮಯ ಸಿಗುತ್ತದೆಯೇ? ಎದ್ದು ಹೋಗಿ ಅಧಿಕಾರಿಗಳ ಮೇಜಿನ ಹತ್ತಿರ ಹೆಸರು ತೆಗೆಸಿದೆ. ಗಡ್ಡಪ್ಪನ ಮುಖ ನೋಡಲಾಗಲಿಲ್ಲ. ಉಳಿದವರೆಲ್ಲ ಹತ್ತುವುದನ್ನು ತಾತನ ಪಕ್ಕದಲ್ಲೇ ನಿಂತು ನೋಡಿದೆ. ಕೊನೆಯ ಗಾಡಿಯವರೆಗೂ ನೋಡಿದೆ. ಅದರಲ್ಲಿ ಒಂದಕ್ಕೂ ಗುಮ್ಮನ ಸದ್ದು ಇರಲಿಲ್ಲ.

ಅದನ್ನು ನಿನ್ನ ಶೆಡ್ಡಿಗೇ ಕಳಿಸುತ್ತಿದ್ದೇನೆ. ಟ್ರಕ್ಕಿನ ಡ್ರೈವರ್ ಕೈಯಲ್ಲೇ ಈ ಪತ್ರವೂ ಇರುತ್ತದೆ. ಕಾರು ಬೇಕೋ ನೀನು ಬೇಕೋ ಎಂಬ ಆ ನಿನ್ನ ಪ್ರಶ್ನೆಗೆ ಇದು ಉತ್ತರ ಎಂದುಕೊಂಡು ಉಬ್ಬಬೇಡ. ಕಾರು ನನಗೆ ಬೇಕೇ ಬೇಕು. ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ, ಬೀದಿಯ ಮಕ್ಕಳನ್ನು ಅಳಿಸುತ್ತಿರು. ಅತ್ತೆಗೆ ನಮಸ್ಕಾರ ಹೇಳು.

ಇಂತಿ,
ಸಾರಥಿ

ಕೊನೆಗೊಂದು ಮಾತು: ಮುರಿದ ಮೂಳೆ ಕೂಡಿಯೇ ಇಲ್ಲ, ಮತ್ತೆ ಆಪರೇಷನ್ ಆಗಬೇಕು ಎಂದು ಡಾಕ್ಟರು ಜನವರಿಯಲ್ಲೇ ಹೇಳಿದ್ದರು. ರೇಸು ಮುಗಿಯಲಿ ಎಂದು ಯಾರಿಗೂ ಹೇಳಿರಲಿಲ್ಲ. ಇವತ್ತು ಬೆಟ್ಟದಿಂದ ಇಳಿಯುವ ಮೊದಲೇ ಆಸ್ಪತ್ರೆಗೆ ಫೋನ್ ಮಾಡಿ ಗುರುವಾರ ಬೆಳಿಗ್ಗೆಗೆ ಸಮಯ ಗೊತ್ತು ಮಾಡಿಕೊಂಡೆ. ಜೊತೆಗೆ ಯಾರು ಇರುತ್ತಾರೆ ಎಂದು ಕೇಳಿದರು. ಗಂಡ ಎಂದೆ. ಸುಳ್ಳಾಗದ ಹಾಗೆ ನೋಡಿಕೋ.